ಒಳ್ಳೆಯದು ಎಂಬ ಕೊನೆಯ ದರ್ಜೆ

ನಮ್ಮ ಮಾವನವರು ಮೂವತ್ತೆರಡು ವರ್ಷ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಓದದ ಕಾಗದಕ್ಕೆ ಸಹಿ ಹಾಕುವುದು ಮತ್ತು ಅಳೆಯದ ನಿವೇಶನಕ್ಕೆ ಮುಂಗಡ ಕೊಡುವುದು ಅವರ ಲೆಕ್ಕದಲ್ಲಿ ಒಂದೇ ತೂಕದ ಪಾಪಗಳು. ಅಂಥವರು ಕಳೆದ ಭಾನುವಾರ ಊಟದ ಹೊತ್ತಿಗೆ ಅರವತ್ತು ಚಿಲ್ಲರೆ ಕರ್ನಾಟಕ ಸಂಗೀತದ ಸಿಡಿಗಳನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು ಬಂದು, “ಅಳಿಯಂದಿರೇ, ಇವು ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಡಿ” ಎಂದರು. ಅರ್ಧ ಗಂಟೆಯ ಕೆಲಸವೆಂದು ನಾನು ಒಪ್ಪಿಕೊಂಡೆ. ಲ್ಯಾಪ್‌ಟಾಪ್ ತೆರೆದು, ಆಪಲ್ ಕಂಪನಿಯ ಹಾಡಿನ ತಂತ್ರಾಂಶವಾದ ಐಟ್ಯೂನ್ಸ್ ಮೇಲೆ ಒತ್ತಿದರೆ, ಹೊಸ ಆವೃತ್ತಿ ಸಿದ್ಧವಾಗಿದೆಯೆಂದೂ ಮೊದಲು ಅದನ್ನು ಅಳವಡಿಸಿಕೊಳ್ಳಬೇಕೆಂದೂ ಪರದೆ ತಿಳಿಸಿತು. ಆಗಲಿ ಎಂದು ಒತ್ತಿದೆ. ಒಪ್ಪಂದಪತ್ರ ಬಂತು.

ಜಗತ್ತಿನ ಉಳಿದ ಮನುಷ್ಯರಂತೆ ನಾನೂ ‘ಒಪ್ಪಿದ್ದೇನೆ’ ಎಂಬ ಗುಂಡಿಯ ಕಡೆಗೆ ಬೆರಳು ಚಾಚುವಷ್ಟರಲ್ಲಿ ಮಾವನವರು ನನ್ನ ಕೈ ಹಿಡಿದು, ಕನ್ನಡಕ ಏರಿಸಿ, ಮೊದಲ ಸಾಲಿನಿಂದ ಓದತೊಡಗಿದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಒಂದು ಕಡೆ ಬೆರಳಿಟ್ಟು ನಿಂತರು. ಐಟ್ಯೂನ್ಸ್ ಒಪ್ಪಂದದಲ್ಲಿ ಬಹುಕಾಲದಿಂದ ಹೆಸರಾಗಿರುವ ಆ ಷರತ್ತಿನ ಪ್ರಕಾರ, ಈ ತಂತ್ರಾಂಶವನ್ನು ಬಳಸುವವರು ಇದರಿಂದ ಅಣ್ವಸ್ತ್ರ, ಕ್ಷಿಪಣಿ, ರಾಸಾಯನಿಕ ಅಥವಾ ಜೈವಿಕ ಅಸ್ತ್ರಗಳನ್ನು ವಿನ್ಯಾಸಗೊಳಿಸುವುದಾಗಲೀ ತಯಾರಿಸುವುದಾಗಲೀ ಇಲ್ಲವೆಂದು ಒಪ್ಪಿಕೊಳ್ಳಬೇಕು. “ತೋಡಿ ರಾಗ ಕೇಳುವವನಿಗೆ ಈ ಮುಚ್ಚಳಿಕೆ ಯಾಕಪ್ಪಾ?” ಎಂದು ಕೇಳಿದರು. ಹಾಡಿನ ಪಟ್ಟಿ ಜೋಡಿಸುವ ತಂತ್ರಾಂಶದಿಂದ ಕ್ಷಿಪಣಿ ತಯಾರಿಸುವ ಬುದ್ಧಿವಂತ ಎಲ್ಲಾದರೂ ಇದ್ದರೆ, ಅವನು ಈ ಸಾಲನ್ನು ಓದಿ ಛೇ ಎಂದು ಕೈಬಿಡುತ್ತಾನೆಂದು ಅಮೆರಿಕದ ವಕೀಲರು ನಂಬಿರಬೇಕು. ನಮ್ಮ ಮನೆಯಲ್ಲಂತೂ ಅಂಥ ಯೋಜನೆ ಏನೂ ಇಲ್ಲವೆಂದು ಪರಸ್ಪರ ಖಾತ್ರಿಪಡಿಸಿಕೊಂಡು ಮುಂದುವರಿದೆವು.

ನವೀಕರಣವೆಂದರೆ ಒಳ್ಳೆಯದಕ್ಕೇ ಎಂಬ ನಂಬಿಕೆ ನಮ್ಮಲ್ಲಿ ಹೇಗೆ ಬೇರೂರಿತೋ ನಾನರಿಯೆ. ಈ ತಂತ್ರಾಂಶದ ಚರಿತ್ರೆಯಂತೂ ಅದಕ್ಕೆ ಕಾರಣವಲ್ಲ. 2001ರ ಜನವರಿಯಲ್ಲಿ ಹುಟ್ಟಿದ ಐಟ್ಯೂನ್ಸ್ ಅದೇ ವರ್ಷದ ನವೆಂಬರಿನಲ್ಲಿ ಎರಡನೆಯ ಆವೃತ್ತಿಯನ್ನು ಹೊರತಂದಾಗ, ಅದನ್ನು ಅಳವಡಿಸುವ ಕಡತದಲ್ಲಿದ್ದ ದೋಷದಿಂದಾಗಿ, ಹೆಸರಿನಲ್ಲಿ ಖಾಲಿ ಜಾಗವಿದ್ದ ಡಿಸ್ಕುಗಳುಳ್ಳ ಕೆಲವು ಮ್ಯಾಕ್ ಕಂಪ್ಯೂಟರುಗಳ ದತ್ತಾಂಶವೇ ಅಳಿಸಿಹೋಯಿತು. ಊರು, ತಂದೆ, ಮನೆತನ ಎಲ್ಲವನ್ನೂ ಹೆಸರಿನೊಳಗೆ ಪೋಣಿಸಿಕೊಂಡು ನಡುನಡುವೆ ಖಾಲಿ ಜಾಗ ಬಿಡುವ ನಮ್ಮ ಜನರ ಕೈಗೆ ಆಗ ಅದು ಅಷ್ಟಾಗಿ ಸಿಕ್ಕಿರಲಿಲ್ಲವೆಂಬುದೇ ಪುಣ್ಯ. ಆಮೇಲೆ ಒಂದೊಂದು ಆವೃತ್ತಿಗೂ ಒಂದೊಂದು ಮಾಳಿಗೆ ಏರಿತು: ಹಾಡಿನ ಅಂಗಡಿ, ಸಿನಿಮಾ, ಪುಸ್ತಕ, ಪಾಡ್‌ಕಾಸ್ಟ್, ಫೋನಿನ ಬ್ಯಾಕಪ್. 2014ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಯು2 ತಂಡದ ಹೊಸ ಆಲ್ಬಂ ಒಂದನ್ನು ಸುಮಾರು 50 ಕೋಟಿ ಗ್ರಾಹಕರ ಸಂಗ್ರಹದೊಳಗೆ ಯಾರನ್ನೂ ಕೇಳದೆ ಇಟ್ಟು ಹೋದರು. ಬೇಡವಾದವರು ಅದನ್ನು ತೆಗೆಯಲು ಬಾರದೆ ಒದ್ದಾಡಿದಾಗ, ಒಂದು ವಾರದೊಳಗೆ, ಉಡುಗೊರೆಯನ್ನು ಹಿಂದಿರುಗಿಸುವುದಕ್ಕೆಂದೇ ಪ್ರತ್ಯೇಕ ಪುಟವೊಂದನ್ನು ತೆರೆಯಬೇಕಾಯಿತು. ಕೊನೆಗೆ 2019ರಲ್ಲಿ, ಮ್ಯಾಕ್‌ನಲ್ಲಾದರೂ, ಮನೆ ಪಾಲಾಗಿ ಸಂಗೀತ, ಟಿವಿ, ಪಾಡ್‌ಕಾಸ್ಟ್‌ಗಳು ಬೇರೆಬೇರೆ ಒಲೆ ಹೂಡಿದವು. ವಿಂಡೋಸ್‌ನಲ್ಲಿ ಹಳೆಯ ಅವಿಭಕ್ತ ಕುಟುಂಬ ಇನ್ನೂ ಸ್ವಲ್ಪ ಕಾಲ ಉಳಿಯಿತು.

ಅಂತೂ ನವೀಕರಣ ಮುಗಿಯಿತು. ಮಾವನವರು ಮೊದಲ ಸಿಡಿಯನ್ನು ಪಂಚೆಯ ಅಂಚಿನಿಂದ ಒಳಗಿನಿಂದ ಹೊರಕ್ಕೆ, ದೇವರ ದೀಪ ಒರೆಸುವ ಜಾಗ್ರತೆಯಿಂದ ಒರೆಸಿ ಕೊಟ್ಟರು. ಅದನ್ನು ಡ್ರೈವ್‌ಗೆ ಹಾಕಿದೆ. ಯಾವ ಗುಣಮಟ್ಟದಲ್ಲಿ ಆಮದು ಮಾಡಬೇಕೆಂದು ತೀರ್ಮಾನಿಸಲು ಸೆಟ್ಟಿಂಗ್ಸ್ ತೆರೆದೆ. ಈ ಬರಹಕ್ಕೆ ಕಾರಣವಾದದ್ದು ಆ ಪಟ್ಟಿ.

ಎಂಪಿ3 ಎಂದು ಆರಿಸಿದರೆ ಮೂರು ದರ್ಜೆಗಳು ಕಾಣುತ್ತವೆ: 128 ಕಿಲೋಬಿಟ್‌ಗೆ ‘ಒಳ್ಳೆಯ ಗುಣಮಟ್ಟ’, 160ಕ್ಕೆ ‘ಉನ್ನತ ಗುಣಮಟ್ಟ’, 192ಕ್ಕೆ ‘ಇನ್ನೂ ಉನ್ನತ ಗುಣಮಟ್ಟ’. ಕಳಪೆ ಎಂಬುದಿಲ್ಲ, ಸಾಧಾರಣ ಎಂಬುದೂ ಇಲ್ಲ. ಈ ಶಾಲೆಯಲ್ಲಿ ಫೇಲಾಗುವವರೇ ಇಲ್ಲ, ಕೊನೆಯ ಬೆಂಚಿನವನ ಅಂಕಪಟ್ಟಿಯಲ್ಲಿಯೂ ‘ಒಳ್ಳೆಯ ಹುಡುಗ’ ಎಂದೇ ಬರೆದಿರುತ್ತದೆ. ಇನ್ನು ಎಂಪಿ3ಯಂತೆಯೇ ಧ್ವನಿಯನ್ನು ಕುಗ್ಗಿಸಿಡುವ ಎಎಸಿ ಎಂಬ ರೂಪವನ್ನು ಆರಿಸಿದರೆ, ಪಕ್ಕದ ಪಟ್ಟಿಯಲ್ಲಿ ಬರೇ ‘ಒಳ್ಳೆಯ’ದಾಗಿದ್ದ ಅದೇ 128, ಇಲ್ಲಿ ‘ಉನ್ನತ ಗುಣಮಟ್ಟ’ವಾಗಿ ಕುಳಿತಿರುತ್ತದೆ. ಎಎಸಿಯ ಸಂಕೋಚನ ವಿಧಾನ ಹೊಸದು, ಅದೇ ಗಾತ್ರದಲ್ಲಿ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ ಎಂಬ ಸಮಜಾಯಿಷಿ ಸುಳ್ಳಲ್ಲ, ಆದರೆ ಮಾವನವರಿಗೆ ಅದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. “ಗೊತ್ತಾಯಿತು ಬಿಡಿ,” ಎಂದರು, “ಇಲಾಖೆ ಬದಲಾಯಿಸಿಕೊಂಡು ಬಡ್ತಿ ತೆಗೆದುಕೊಂಡಿದ್ದಾನೆ.”

ಕಿಲೋಬಿಟ್ ಎಂದರೇನು ಎಂಬುದನ್ನು ಮಾತ್ರ ಹೇಳಲೇಬೇಕಾಯಿತು. ಸಿಡಿಯಲ್ಲಿ ಸೆಕೆಂಡಿಗೆ 44,100 ಬಾರಿ ಧ್ವನಿಯ ಅಳತೆ ತೆಗೆದು, ಒಂದೊಂದು ಅಳತೆಯನ್ನು 16 ಬಿಟ್‌ಗಳಲ್ಲಿ, ಎಡ ಬಲ ಎರಡಕ್ಕೂ ಬರೆದಿರುತ್ತಾರೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಅದರಲ್ಲಿ 128ನ್ನು ಇಟ್ಟುಕೊಳ್ಳುವುದೆಂದರೆ ಹನ್ನೊಂದು ಪಾಲಿನಲ್ಲಿ ಒಂದು ಪಾಲು ಇಟ್ಟುಕೊಂಡು ಹತ್ತನ್ನು ಬಿಡುವುದು. ಆ ಒಂದು ಪಾಲಿಗೆ ‘ಒಳ್ಳೆಯದು’ ಎಂದು ಹೆಸರು. ಬಿಟ್ಟದ್ದು ಕಿವಿಗೆ ತಿಳಿಯುವುದಿಲ್ಲವೇ ಎಂದರೆ, ಜೋರಾದ ಸದ್ದಿನ ಬೆನ್ನಿಗಿರುವ ಸಣ್ಣ ಸದ್ದನ್ನು ಕಿವಿ ಹೇಗೂ ಗಮನಿಸುವುದಿಲ್ಲ, ಆದ್ದರಿಂದ ಅದನ್ನು ಬರೆಯದೆ ಬಿಡಬಹುದು ಎಂಬ ತತ್ವದ ಮೇಲೆ ಜರ್ಮನಿಯ ಎಂಜಿನಿಯರುಗಳು ಎಂಪಿ3ಯನ್ನು ರೂಪಿಸಿದರು ಎಂದೆ. ಮಾವನವರು ಸ್ವಲ್ಪ ಯೋಚಿಸಿದರು. “ಅಂದರೆ ಮೃದಂಗ ಜೋರಾದಾಗ ತಂಬೂರಿಯನ್ನು ಬಿಟ್ಟುಬಿಡುತ್ತಾರೆ. ನಮ್ಮ ರಾಮೋತ್ಸವದ ಮೈಕಿನವನು ಜರ್ಮನಿಗೆ ಹೋಗದೆಯೇ ಇದನ್ನು ಮಾಡುತ್ತಿದ್ದ.”

ಒಳ್ಳೆಯದು ಎಷ್ಟು ಒಳ್ಳೆಯದೆಂದು ನೋಡಿಯೇಬಿಡೋಣವೆಂದು ಒಂದು ಕಛೇರಿಯ ತನಿಯಾವರ್ತನದ ಕೊನೆಯ ಭಾಗವನ್ನು 128ರಲ್ಲಿ ಇಳಿಸಿ ಕೇಳಿಸಿದೆ. ಗಾಯನಕ್ಕೆ ಹೆಚ್ಚೇನೂ ಊನವಾಗದ ದರ್ಜೆಯಿದು, ಅದನ್ನು ಒಪ್ಪಬೇಕು. ಆದರೆ ಖಂಜಿರದ ಚುರುಕಾದ ಪೆಟ್ಟು, ತಾಳದ ಕಿಣಿಕಿಣಿ, ಮುಖ್ಯವಾಗಿ ನೂರಾರು ಜನರ ಚಪ್ಪಾಳೆ, ಇವು ಸಂಕೋಚನ ತಂತ್ರಕ್ಕೆ ಹಳೆಯ ವೈರಿಗಳು. ತೀರ್ಮಾನದ ಕೊನೆಯ ಪೆಟ್ಟು ಮುಗಿದು ಸಭೆ ಕೈ ತಟ್ಟಿತು. ಮಾವನವರು ತಟಕ್ಕನೆ ಅಡುಗೆಮನೆಯ ಕಡೆ ತಿರುಗಿ, “ಒಗ್ಗರಣೆ ಸೀಯುತ್ತಿದೆ ನೋಡಮ್ಮಾ” ಎಂದು ಮಗಳನ್ನು ಕೂಗಿದರು. ಒಲೆಯ ಮೇಲೆ ಏನೂ ಇರಲಿಲ್ಲ. ಸಾಸಿವೆ ಸಿಡಿಯುತ್ತಿದ್ದದ್ದು ಲ್ಯಾಪ್‌ಟಾಪ್‌ನಲ್ಲಿ.

ಹಾಗಾದರೆ ಒಮ್ಮೆ 128ರಲ್ಲಿ ಇಳಿಸಿಕೊಂಡು, ಜಾಗ ಸಿಕ್ಕಾಗ ದೊಡ್ಡ ದರ್ಜೆಗೆ ಪರಿವರ್ತಿಸಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ತಂತ್ರಾಂಶವೂ ಅದಕ್ಕೆ ಬೇಡವೆನ್ನುವುದಿಲ್ಲ; ಹಳೆಯ ಕಡತವನ್ನು ಆರಿಸಿ, ಪರಿವರ್ತಿಸು ಎಂದರೆ, ನಷ್ಟರಹಿತ, ಅಂದರೆ ಕೊಟ್ಟದ್ದರಲ್ಲಿ ಏನನ್ನೂ ಬಿಡದ, ರೂಪದ ಭಾರೀ ಕಡತವನ್ನು ನಿಷ್ಠೆಯಿಂದ ಮಾಡಿಕೊಡುತ್ತದೆ. ಕಡತ ಉಬ್ಬುತ್ತದೆ, ತಂಬೂರಿ ಮರಳುವುದಿಲ್ಲ. ಇದನ್ನು ಮಾವನವರಿಗೆ ಹೇಳಿದಾಗ ಅವರ ಮುಖದಲ್ಲಿ ಕಚೇರಿಯ ಹಳೆಯ ನೆನಪೊಂದು ಮಿಂಚಿತು: ನಕಲು ಶಾಖೆಯಲ್ಲಿ ಚಕ್ಕುಬಂದಿಯ ಒಂದು ಸಾಲು ಬಿಟ್ಟುಹೋದ ಪ್ರತಿಯನ್ನು ತಂದು, ಅದಕ್ಕೇ ಮೊಹರು ಒತ್ತಿ ದೃಢೀಕರಿಸಿಕೊಡಿ ಎಂದು ಕೂರುತ್ತಿದ್ದವರು ಎಷ್ಟೋ ಮಂದಿಯಂತೆ. ಮೊಹರು ಬೀಳುತ್ತಿತ್ತು, ಬಿಟ್ಟುಹೋದ ಗಡಿ ಬಿಟ್ಟೇ ಇರುತ್ತಿತ್ತು.

ಈ ಮೊಹರಿನ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ ಕೀರ್ತಿ ಮಾತ್ರ ಅಂಗಡಿಗೇ ಸಲ್ಲಬೇಕು. 2003ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಐಟ್ಯೂನ್ಸ್ ಅಂಗಡಿ ತೆರೆದಾಗ ಹಾಡೊಂದಕ್ಕೆ 99 ಸೆಂಟ್ ತೆಗೆದುಕೊಂಡು 128ರ ಎಎಸಿಯನ್ನು, ಬೇಕಾದ ಕಡೆ ನುಡಿಸಲಾಗದಂತೆ ಬೀಗ ಹಾಕಿ ಕೊಟ್ಟರು. ನಾಲ್ಕು ವರ್ಷಗಳಾದ ಮೇಲೆ, 2007ರಲ್ಲಿ, 256ರ ಬೀಗವಿಲ್ಲದ ಹಾಡು ‘ಪ್ಲಸ್’ ಎಂಬ ಹೆಸರಿನಲ್ಲಿ 1.29 ಡಾಲರಿಗೆ ಬಂತು. ಮೊದಲೇ ಕೊಂಡವರು ಹಾಡಿಗೆ 30 ಸೆಂಟ್ ಕಟ್ಟಿದರೆ ತಮ್ಮ ಹಾಡನ್ನು ಮೇಲ್ದರ್ಜೆಗೆ ಏರಿಸಿಕೊಳ್ಳಬಹುದಿತ್ತು. ಉನ್ನತವೆಂದು ಕೊಂಡದ್ದು ಅಷ್ಟೇನೂ ಉನ್ನತವಲ್ಲ ಎಂಬ ತಿಳಿವಳಿಕೆಯ ಬೆಲೆ 30 ಸೆಂಟ್. ಬೀಗದ ಕೀಲಿಯೂ ಅದರಲ್ಲಿಯೇ ಸೇರಿತ್ತೆನ್ನಿ.

2021ರ ಹೊತ್ತಿಗೆ ಕಾಲ ತಿರುಗಿತು. ಆಪಲ್ ಮ್ಯೂಸಿಕ್ ಎಂಬ ಹಾಡಿನ ಸೇವೆಯ ಚಂದಾದಾರರಿಗೆ ಹೆಚ್ಚುವರಿ ಹಣವಿಲ್ಲದೆ ನಷ್ಟರಹಿತ ಸಂಗೀತ, ಅದೂ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ. ಅದನ್ನು ಕೇಳಲೆಂದು ಅದೇ ಕಂಪನಿಯ 59,900 ರೂಪಾಯಿಯ ಏರ್‌ಪಾಡ್ಸ್ ಮ್ಯಾಕ್ಸ್ ಹೆಡ್‌ಫೋನ್ ಕೊಂಡು ಕಿವಿಗೇರಿಸಿಕೊಂಡವರಿಗೆ ತಿಳಿದದ್ದೇನೆಂದರೆ, ಬ್ಲೂಟೂತ್ ಮೂಲಕ ಆ ನಷ್ಟರಹಿತ ಧ್ವನಿ ನಷ್ಟವಿಲ್ಲದೆ ದಾಟುವುದಿಲ್ಲ. ಕಾವೇರಿಯನ್ನು ಮನೆಯ ಮುಂದಕ್ಕೆ ತಂದು ನಿಲ್ಲಿಸಿ, ಮನೆಯೊಳಕ್ಕೆ ಮಾತ್ರ ಕಾಲಿಂಚು ಪೈಪಿನ ಸಂಪರ್ಕ ಕೊಟ್ಟಂತೆ.

ಇಷ್ಟೆಲ್ಲ ಕೇಳಿಸಿಕೊಂಡ ಮಾವನವರು ದೃಢೀಕೃತ ನಕಲಿಗಿಂತ ಕಡಿಮೆಯದು ತಮಗೆ ಬೇಡವೆಂದು ತೀರ್ಪಿತ್ತರು. ಆಪಲ್ ಲಾಸ್‌ಲೆಸ್ ಎಂಬ ನಷ್ಟರಹಿತ ರೂಪಕ್ಕೆ ಗುರುತು ಮಾಡಿ, ಗೀರು ಬಿದ್ದ ಸಿಡಿಗಳಿಗಾಗಿ ದೋಷ ತಿದ್ದುವ ಚೌಕಕ್ಕೂ ಟಿಕ್ ಹಾಕಿ, ಸಂಜೆಯವರೆಗೆ ಕುಳಿತು ಹನ್ನೆರಡು ಸಿಡಿಗಳನ್ನು ಇಳಿಸಿದೆವು. ಮೊದಲ ಕಛೇರಿಯನ್ನು ಅವರ ಫೋನಿಗೆ ಹಾಕಿಕೊಟ್ಟೆ. ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳುವ ಅಭ್ಯಾಸ ಅವರಿಗಿಲ್ಲ. ಫೋನನ್ನು ತಲೆಕೆಳಗಾಗಿ ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿ, ಜಗಲಿಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದರು. ಎರಡು ನಿಮಿಷವಾದ ಮೇಲೆ, “ಈಗ ನೋಡಿ ಅಳಿಯಂದಿರೇ, ತಂಬೂರಿ ಎಷ್ಟು ತುಂಬಿಕೊಂಡು ಬರುತ್ತಿದೆ” ಎಂದರು. ನಾನು ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ದೋಸೆಹಿಟ್ಟಿನ ಗ್ರೈಂಡರನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬೇಡವೆಂದು ಹೆಂಡತಿಗೆ ಸನ್ನೆ ಮಾಡಿದೆ.