ಡಾಕ್ಟರ ಸಂಘದ ಸಭೆಯಲ್ಲಿ ನಮಗೂ ಎರಡು ಕುರ್ಚಿ ಬೇಕು

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ ಇದೆ. ಮನಸ್ಸು ಕೆಲವು ಕಾಲ ಅತಿ ಉತ್ಸಾಹಕ್ಕೆ, ಕೆಲವು ಕಾಲ ಖಿನ್ನತೆಗೆ ಜಾರುವ ಕಾಯಿಲೆ ಅದು. ಇದನ್ನು ಇಲ್ಲಿ ಬರೆಯಲಾ ಅಂತ ಅವನನ್ನೇ ಕೇಳಿದೆ. "ಬರಿ ಅಕ್ಕ, ನನ್ನ ಹೆಸರು ಮಾತ್ರ ಬೇಡ" ಅಂದ. ಮನೋವೈದ್ಯರ ಸಂಘಕ್ಕೆ ಒಂದು ಮಾತು ಹೇಳಬೇಕಿದೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ.

2019ರಲ್ಲಿ ಅವನು 11 ದಿನ ಆಸ್ಪತ್ರೆಯಲ್ಲಿದ್ದ. ವರ್ಷಗಟ್ಟಲೆ ತಪ್ಪದೆ ಪ್ರೀಮಿಯಂ ಕಟ್ಟಿದ್ದ ಇನ್ಶೂರೆನ್ಸ್ ಕಂಪನಿಗೆ ಬಿಲ್ ಕಳಿಸಿದೆವು. ತಿಂಗಳಾದ ಮೇಲೆ ಒಂದೇ ಸಾಲಿನ ಉತ್ತರ ಬಂತು: ಮಾನಸಿಕ ಕಾಯಿಲೆ ಪಾಲಿಸಿಯಲ್ಲಿ ಸೇರಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅಪ್ಪನಿಗೆ ಸ್ಟೆಂಟ್ ಹಾಕಿಸಿದಾಗ ಇದೇ ಕಂಪನಿ ಮರುಮಾತಿಲ್ಲದೆ ದುಡ್ಡು ಕೊಟ್ಟಿತ್ತು. ಒಂದೇ ಮನೆ, ಒಂದೇ ಪಾಲಿಸಿ. ಅಪ್ಪನದು ಕಾಯಿಲೆ, ಮಗನದು ಅಲ್ಲ ಅಂದ ಹಾಗಾಯ್ತು.

ಆ ಕಾಗದ ಹಿಡಿದುಕೊಂಡು ನಮ್ಮ ಡಾಕ್ಟರ ಹತ್ತಿರ ಹೋದೆ. ಹೊರಗೆ ಬೆಂಚು ತುಂಬಿ, ಜನ ಮೆಟ್ಟಿಲ ಮೇಲೂ ಕೂತಿದ್ದರು. ಅವರು ಎರಡು ಸಲ ಓದಿದರು. "ಬಿಡಬೇಡಿಮ್ಮಾ, ಇದು ಕಾನೂನಲ್ಲೇ ಇದೆ" ಅಂದರು. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ, ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾ ಕೂತರು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸೆಕ್ಷನ್ 21, ಉಪವಿಭಾಗ 4. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಅನ್ನೋದು ಅದರ ತಿರುಳು. ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲ್ ಒತ್ತಿ ಕೊಡುವಷ್ಟರಲ್ಲಿ 20 ನಿಮಿಷ ಆಗಿತ್ತು. ಬಾಗಿಲ ಸಂದಿಯಿಂದ ಯಾರೋ ಇಣುಕಿ ಇಣುಕಿ ನೋಡುತ್ತಿದ್ದರು. ಅವರ ಪಾಳಿಯ ಹೊತ್ತನ್ನು ನಾನು ತಿಂದಿದ್ದೆ.

ಏಳು ತಿಂಗಳು ಅಲೆದ ಮೇಲೆ ದುಡ್ಡು ಬಂತು. ಆದರೆ ಆ 20 ನಿಮಿಷ ಇವತ್ತಿಗೂ ನನ್ನನ್ನು ಕಾಡುತ್ತೆ. ಒಬ್ಬ ಡಾಕ್ಟರು ಒಂದು ಮನೆಗೆ ಒಂದು ಪತ್ರ ಬರೆಯಬಹುದು. ಎಲ್ಲ ಮನೆಗೂ ಯಾರು ಬರೆಯಬೇಕು? ಆ ಕಾಯ್ದೆ ಜಾರಿಗೆ ಬಂದಿದ್ದು 2018ರ ಮೇ ತಿಂಗಳಲ್ಲಿ. ಅದೇ ಆಗಸ್ಟ್‌ನಲ್ಲಿ ವಿಮಾ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಸೂಚನೆ ಕೊಟ್ಟಿತ್ತು. 2022ರ ಅಕ್ಟೋಬರ್‌ನಲ್ಲಿ ಗಡುವು ಹಾಕಿ ಮತ್ತೆ ಹೇಳಬೇಕಾಯ್ತು. ನಡುವೆ ನಾಲ್ಕು ವರ್ಷ. ಅಷ್ಟರಲ್ಲಿ ಎಷ್ಟು ಜನ ಆ ಒಂದು ಸಾಲು ಓದಿ, ಕಾಗದ ಮಡಚಿ ಬೀರುವಿನಲ್ಲಿಟ್ಟು ಸುಮ್ಮನಾಗಿರಬಹುದು ಅಲ್ವಾ?

ಇಂಥ ಕೆಲಸಕ್ಕೇ ಸಂಘ ಬೇಕು. ಮನೋವೈದ್ಯರಿಗೆ ಒಂದು ಸಂಘ ಇದೆ, ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ. ಶುರುವಾಗಿದ್ದು 1947ರಲ್ಲಿ. ಕರ್ನಾಟಕದಲ್ಲೂ ಅದರ ಶಾಖೆ ಇದೆ. ಮೊದಲೆಲ್ಲ ನಾನು ಡಾಕ್ಟರ ಸಂಘ ಅಂದರೆ ಡಾಕ್ಟರಿಗಾಗಿ ಡಾಕ್ಟರು ಮಾಡಿಕೊಂಡಿದ್ದು, ನಮಗೇನು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲ್ಲ.

2019ರಲ್ಲೇ ಒಂದು ಹಿಂದಿ ಸಿನಿಮಾ ಹೆಸರಿನಲ್ಲಿ 'ಮೆಂಟಲ್' ಅನ್ನೋ ಪದ ಇತ್ತು. ಸಂಘ ಸೆನ್ಸಾರ್ ಮಂಡಳಿಗೆ ಪತ್ರ ಬರೆದು ಆಕ್ಷೇಪ ಎತ್ತಿತು. ಕೊನೆಗೆ ಸಿನಿಮಾದ ಹೆಸರು ಬದಲಾಯ್ತು. ಆಗ ಆಫೀಸಿನಲ್ಲಿ ಕೆಲವರು "ಇದಕ್ಕೂ ಗಲಾಟೆನಾ" ಅಂದರು. ನಾನು ಏನೂ ಹೇಳಲಿಲ್ಲ. ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ನನ್ನ ತಮ್ಮ ಹಾಲು ತರಲು ಹೊರಟಾಗ ಆ ಪದ ಕೂಗಿದ್ದನ್ನು ಕೇಳಿದ ಕಿವಿ ನಂದು. ಅವನು ಆಮೇಲೆ ಎರಡು ವಾರ ಗೇಟು ದಾಟಲಿಲ್ಲ.

ಇನ್ನೊಂದು ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ ನಾವು ನಿಮ್ಹಾನ್ಸ್‌ಗೆ ಹೋಗುತ್ತಿದ್ದೆವು. ಆಟೋದವರಿಗೆ ಒಮ್ಮೆಯೂ ನಿಮ್ಹಾನ್ಸ್ ಅಂತ ಹೇಳಿದವರಲ್ಲ. "ಡೈರಿ ಸರ್ಕಲ್" ಅನ್ನುತ್ತಿದ್ದೆವು. ಅಲ್ಲಿ ಇಳಿದು, ಬಿಸಿಲಲ್ಲಿ, ಅಮ್ಮ ಫೈಲನ್ನು ಸೆರಗಿನೊಳಗೆ ಮುಚ್ಚಿಕೊಂಡು, ಮೂರು ಜನ ನಡೆದು ಹೋಗುತ್ತಿದ್ದೆವು. ದೇಶದಲ್ಲೇ ಹೆಸರುವಾಸಿ ಆಸ್ಪತ್ರೆ ನಮ್ಮೂರಲ್ಲಿದೆ. ಅದರ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ.

ಅದಕ್ಕೇ ಹೊಸ ಕಾಯ್ದೆ ಬಂದಾಗ ಸಂಘದವರು ಎತ್ತಿದ ಒಂದು ತಕರಾರು ನನಗೆ ತಡವಾಗಿ ಅರ್ಥ ಆಯ್ತು. ಸಾಮಾನ್ಯ ಆಸ್ಪತ್ರೆಗಳಲ್ಲಿರುವ ಮನೋವೈದ್ಯ ವಾರ್ಡುಗಳೂ ಪ್ರತ್ಯೇಕವಾಗಿ ನೋಂದಣಿ ಮಾಡಿಸಬೇಕು ಅನ್ನೋದನ್ನು ಅವರು ವಿರೋಧಿಸಿದರು. ತಪಾಸಣೆ ತಪ್ಪಿಸಿಕೊಳ್ಳಲು ಹೀಗಂತಾರೆ ಅಂತ ಆಗ ನನಗೆ ಕೋಪ ಬಂದಿತ್ತು. ಆದರೆ 2019ರಲ್ಲಿ ತಮ್ಮ ಇದ್ದಿದ್ದು ಅಂಥದ್ದೇ ವಾರ್ಡಿನಲ್ಲಿ. ಮೇಲಿನ ಮಹಡಿಯಲ್ಲಿ ಹೆರಿಗೆ, ಕೆಳಗೆ ಮೂಳೆ ವಿಭಾಗ. ನೋಡಲು ಬಂದ ನೆಂಟರು ಹಾರ್ಲಿಕ್ಸ್ ಬಾಟ್ಲಿ, ಮೂಸಂಬಿ ಹಿಡಿದುಕೊಂಡು ಬಂದರು. ಜ್ವರ ಬಂದವರನ್ನು ನೋಡಲು ಬರುತ್ತಾರಲ್ಲ, ಹಾಗೆ. ಹಳೆಯ ದಿನಗಳಲ್ಲಿ ಅವನನ್ನು ನೋಡಲು ಒಬ್ಬರೂ ಬಂದಿರಲಿಲ್ಲ. ನಿಯಮ ಜಾಸ್ತಿಯಾಗಿ ಆಸ್ಪತ್ರೆಯವರು ಈ ರಗಳೆಯೇ ಬೇಡ ಅಂತ ಅಂಥ ವಾರ್ಡು ಮುಚ್ಚಿಬಿಟ್ಟರೆ ನಷ್ಟ ಡಾಕ್ಟರಿಗಿಂತ ನಮಗೇ ಜಾಸ್ತಿ.

ಹಾಗೇ 2018ರ ಜೂನ್. ಸಲಿಂಗ ಪ್ರೇಮ ಕಾಯಿಲೆ ಅಲ್ಲ ಅಂತ ಸಂಘದ ಅಧ್ಯಕ್ಷರು ವಿಡಿಯೋದಲ್ಲಿ ನೇರವಾಗಿ ಹೇಳಿದರು. ಆಗ ಅಧ್ಯಕ್ಷರಾಗಿದ್ದವರು ನಮ್ಮ ಬೆಂಗಳೂರಿನ ಡಾ. ಅಜಿತ್ ಭಿಡೆ. ಸಲಿಂಗ ಸಂಬಂಧ ಅಪರಾಧ ಅಲ್ಲ ಅನ್ನೋ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು ಆಮೇಲೆ, ಸೆಪ್ಟೆಂಬರ್ 6ಕ್ಕೆ. ತೀರ್ಪಿಗೆ ಕಾಯದೆ ಹೇಳಿದರಲ್ಲ, ಅದಕ್ಕೆ ನನ್ನ ಗೌರವ.

ಎಂಬಿಬಿಎಸ್ ವಿಷಯ ಮಾತ್ರ ನನಗೆ ಸಂಕಟ. ಮನೋವೈದ್ಯ ವಿಷಯಕ್ಕೆ ಹೆಚ್ಚು ಜಾಗ ಕೊಡಿ ಅಂತ ಸಂಘ ದಶಕಗಳಿಂದ ಕೇಳುತ್ತಿದೆ. ಇವತ್ತಿಗೂ ಅದು ಮೆಡಿಸಿನ್ ಪೇಪರಿನ ಒಂದು ತುಂಡು. ನನ್ನ ತಮ್ಮ ನಿದ್ದೆ ಇಲ್ಲದೆ ರಾತ್ರಿ ಮೂರಕ್ಕೆಲ್ಲ ಎದ್ದು ಟೆರೇಸ್ ತೊಳೆಯುತ್ತಿದ್ದ ಕಾಲದಲ್ಲಿ, ನಮ್ಮ ಏರಿಯಾದ ಡಾಕ್ಟರು ಎರಡು ವರ್ಷ ಬಿ ಕಾಂಪ್ಲೆಕ್ಸ್, ನಿದ್ದೆ ಮಾತ್ರೆ ಬರೆದು ಕಳಿಸಿದರು. ತುಂಬಾ ಒಳ್ಳೆಯ ಮನುಷ್ಯರು. ಅವರಿಗೆ ಕಲಿಸಿರಲಿಲ್ಲ, ಅಷ್ಟೇ. ಸಂಘದ ಜರ್ನಲ್‌ನಲ್ಲಿ 2019ರಲ್ಲಿ ಬಂದ ಲೆಕ್ಕದ ಪ್ರಕಾರ ದೇಶದಲ್ಲಿ ಮನೋವೈದ್ಯರು ಸುಮಾರು 9,000. ಲಕ್ಷ ಜನಕ್ಕೆ ಒಬ್ಬರೂ ಇಲ್ಲ, ಮೂವರಾದರೂ ಬೇಕು ಅನ್ನುತ್ತಾರೆ. ಹೀಗಿರುವಾಗ ಏರಿಯಾ ಡಾಕ್ಟರೇ ಗುರುತು ಹಿಡಿಯಬೇಕು. ಈ ಬೇಡಿಕೆಯನ್ನು ಸಂಘ ಇನ್ನೂ ಜೋರು ದನಿಯಲ್ಲಿ ಕೇಳಲಿ.

ಈಗ ನನ್ನ ಜಗಳ. ಅದೇ ಕಾಯ್ದೆಯಲ್ಲಿ ಇನ್ನೊಂದು ಅವಕಾಶ ಇದೆ. ಮುಂದೆ ಹುಷಾರು ತಪ್ಪಿದರೆ ನನ್ನನ್ನು ಹೇಗೆ ನೋಡಿಕೊಳ್ಳಬೇಕು, ಏನು ಮಾಡಬಾರದು ಅಂತ ಮೊದಲೇ ಬರೆದಿಡುವುದು. ಇದು ನಮ್ಮ ದೇಶಕ್ಕೆ ಹೊಂದಲ್ಲ, ನಡೆಸಲು ಕಷ್ಟ ಅಂತ ಮನೋವೈದ್ಯರಲ್ಲಿ ಅನೇಕರು ಹೇಳಿದರು. ಮಧ್ಯರಾತ್ರಿ ಎಮರ್ಜೆನ್ಸಿಯಲ್ಲಿ ಯಾರು ಕಾಗದ ಹುಡುಕುತ್ತಾರೆ ಅನ್ನೋ ಅವರ ಮಾತು ನನಗೂ ಗೊತ್ತಾಗುತ್ತೆ. ಆದರೂ ಒಪ್ಪಲಾರೆ.

ಯಾಕೆ ಅಂದರೆ, ನನ್ನ ತಮ್ಮ ಹುಷಾರಾಗಿದ್ದಾಗ ಒಂದು ಭಾನುವಾರ ಊಟ ಆದ ಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಬರೆದ. ನಾಲ್ಕೇ ಸಾಲು. "ನನ್ನನ್ನು ಕಟ್ಟಬೇಡಿ. ಅಕ್ಕನಿಗೆ ಫೋನ್ ಮಾಡಿ. ಇಂಜೆಕ್ಷನ್ ಕೊಡುವ ಮುಂಚೆ ಒಂದು ಸಲ ಹೇಳಿ. ಅಮ್ಮನ ಮುಂದೆ ಬೈಯಬೇಡಿ." ಇನ್ನೂ ಕ್ರಮವಾಗಿ ನೋಂದಣಿ ಮಾಡಿಸಿಲ್ಲ. ನಮ್ಮ ಡಾಕ್ಟರು ಅದನ್ನು ಓದಿ, ಫೈಲಿನ ಮೊದಲ ಪುಟಕ್ಕೇ ಪಿನ್ ಮಾಡಿದರು, ಲಿಥಿಯಂ ಮಾತ್ರೆಗಾಗಿ ಮಾಡಿಸುವ ರಕ್ತ ಪರೀಕ್ಷೆಯ ರಿಪೋರ್ಟುಗಳಿಗಿಂತ ಮೇಲೆ. ಆ ನಾಲ್ಕು ಸಾಲಲ್ಲಿ ನಡೆಸಲಾಗದ್ದು ಯಾವುದಿದೆ ಹೇಳಿ? ಸಂಘದವರು ಕಾಯ್ದೆಯ ಬಗ್ಗೆ ಅಭಿಪ್ರಾಯ ಬರೆಯುವ ಮುಂಚೆ ಇಂಥ ಹತ್ತು ಹಾಳೆ ಓದಿದ್ದರೆ ಅವರ ಮಾತು ಬೇರೆ ಥರ ಇರುತ್ತಿತ್ತು ಅಂತ ನನ್ನ ನಂಬಿಕೆ.

ಡಾಕ್ಟರುಗಳೇ, ನೀವು ನಮ್ಮ ಪರ ಮಾತಾಡುತ್ತೀರಿ, ನನಗೆ ಗೊತ್ತು. ನಮ್ಮ ಜೊತೆ ಕೂತೂ ಮಾತಾಡಿ. ವರ್ಷಕ್ಕೊಮ್ಮೆ ರಾಜ್ಯ ಸಮ್ಮೇಳನ ಮಾಡುತ್ತೀರಿ. ಅಲ್ಲಿ ಕಾನೂನು, ವಿಮೆ ಬಗ್ಗೆ ಚರ್ಚೆ ಇರುವ ದಿನ ಎರಡು ಕುರ್ಚಿ ಹಾಕಿ. ಒಂದು ಕಾಯಿಲೆ ಅನುಭವಿಸಿದವರಿಗೆ, ಒಂದು ಮನೆಯವರಿಗೆ. ಸನ್ಮಾನ ಬೇಡ, ಶಾಲು ಬೇಡ. ನಿಮ್ಮ ನಿಲುವು ಪ್ರಿಂಟ್ ಆಗುವ ಮುಂಚೆ ನಮಗೆ ಓದಲು ಕೊಡಿ. ವಿಮೆ ತಿರಸ್ಕಾರ ಆದವರ ಪತ್ರಗಳನ್ನು ಒಟ್ಟುಮಾಡುವ ಕೆಲಸ ನಮಗೆ ಬಿಡಿ, ನಾವು ಮಾಡುತ್ತೇವೆ. ಅದನ್ನು ಹಿಡಿದು ಪ್ರಾಧಿಕಾರದ ಬಾಗಿಲಿಗೆ ನೀವು ಹೋಗಿ. ನಿಮ್ಮ ಮಾತಿಗೆ ಅಲ್ಲಿ ತೂಕ ಇದೆ.

ನಮ್ಮ ಮುಂದಿನ ಅಪಾಯಿಂಟ್‌ಮೆಂಟ್ ಬರುವ ಗುರುವಾರ. ಇದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಡಾಕ್ಟರ ಕೈಗೇ ಕೊಡುತ್ತೇನೆ.