ಒಡೆಯಬಾರದ ಪ್ಯಾಕೆಟ್

ನಮ್ಮ ಮನೆ ಶೋಕೇಸಿನಲ್ಲಿ ಮೂರು ವಾರ ಒಂದು ಪ್ಯಾಕೆಟ್ ಕೂತಿತ್ತು. ಚನ್ನಪಟ್ಟಣದ ಗೊಂಬೆಗೂ ನನ್ನ ಹೆಂಡತಿ ಕಾಲೇಜಿನಲ್ಲಿ ಥ್ರೋಬಾಲ್ ಆಡಿ ಗೆದ್ದ ಕಪ್ಪಿಗೂ ನಡುವೆ. ಅಂಗೈ ಅಗಲ, ಚಿಪ್ಸ್ ಪ್ಯಾಕೆಟ್ಟಿನ ಹಾಗೆ ಥಳಥಳ. ಒಳಗೆ ಬೇಸ್‌ಬಾಲ್ ಆಟಗಾರರ ಕಾರ್ಡುಗಳು. ಮಗನ ಒಂಬತ್ತನೇ ಹುಟ್ಟುಹಬ್ಬಕ್ಕೆ ಅವನ ಸೋದರಮಾವ, ಅಂದರೆ ನನ್ನ ಭಾವಮೈದ, ಅಮೆರಿಕದಿಂದ ತಂದುಕೊಟ್ಟಿದ್ದು.

ಕೊಟ್ಟ, ಸರಿ. ಹುಡುಗ ಖುಷಿಯಲ್ಲಿ ಅದರ ಮೂಲೆಯನ್ನು ಹಲ್ಲಿಗೆ ಇಟ್ಟ. ಭಾವಮೈದ ಬೌಂಡರಿ ಗೆರೆಯಲ್ಲಿ ಕ್ಯಾಚ್ ಹಿಡಿಯುವವನ ಹಾಗೆ ಸೋಫಾ ಮೇಲಿಂದ ಹಾರಿ ಅದನ್ನು ಕಿತ್ತುಕೊಂಡ.

"ಏಯ್, ಒಡೀಬಾರದು ಕಣೋ! ಸೀಲ್ ಇದ್ರೇನೇ ವ್ಯಾಲ್ಯೂ. 2035ಕ್ಕೆ ಒಡಿ."

2035ಕ್ಕೆ ನನ್ನ ಮಗನಿಗೆ ಮೀಸೆ ಬಂದಿರುತ್ತದೆ. ಹುಟ್ಟುಹಬ್ಬದ ಉಡುಗೊರೆ ಕೊಟ್ಟು ಅದನ್ನು ಮುಟ್ಟಬೇಡ ಅನ್ನುವ ಪದ್ಧತಿ ಎಲ್ಲಿಯದೋ ನನಗಂತೂ ಗೊತ್ತಿಲ್ಲ. ಅವತ್ತಿನಿಂದ ಹುಡುಗ ಸ್ಕೂಲಿಂದ ಬಂದವನೇ ಶೂ ಕೂಡ ಬಿಚ್ಚದೆ ಶೋಕೇಸಿನ ಮುಂದೆ ನಿಲ್ಲುತ್ತಿದ್ದ. ದೇವರ ಮುಂದೆ ಒಂದು ನಿಮಿಷ ನಿಲ್ಲೋ ಅಂದರೆ ನಿಲ್ಲದವನು.

ಭಾವಮೈದನ ವಿಷಯ ಸ್ವಲ್ಪ ಹೇಳಬೇಕು. ಕೊರೊನಾ ಸಮಯದಲ್ಲಿ ಕಂಪನಿಯವರು ಇವನನ್ನು ನ್ಯೂಜೆರ್ಸಿಯಲ್ಲಿ ಇಟ್ಟಿದ್ದರು. ಅಲ್ಲಿ ಆಗ ಮನೆಯಲ್ಲಿ ಕೂತ ಜನಕ್ಕೆಲ್ಲ ಈ ಕಾರ್ಡಿನ ಹುಚ್ಚು ಹತ್ತಿತ್ತಂತೆ. ನಾವಿಲ್ಲಿ ಡಾಲ್ಗೋನಾ ಕಾಫಿ ಕಲಸಿದ ಹಾಗೆ. ಕಾರ್ಡು ನೋಡಿ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುವ ಕಂಪನಿಗಳಿವೆ. ಅದರಲ್ಲಿ ದೊಡ್ಡದಾದ ಪಿಎಸ್‌ಎಗೆ ಎಷ್ಟು ರಾಶಿ ಬಂದು ಬಿತ್ತೆಂದರೆ, 2021ರ ಮಾರ್ಚಿನಲ್ಲಿ ಅವರು 'ಸದ್ಯಕ್ಕೆ ಸಾಕು, ಕಳಿಸಬೇಡಿ' ಅಂತ ಬಹುಪಾಲು ಕೌಂಟರ್ ಮುಚ್ಚಿಬಿಟ್ಟರು. ಎರಡು ತಿಂಗಳ ನಂತರ ವಿಸ್ಕಾನ್ಸಿನ್ ರಾಜ್ಯದಲ್ಲಿ ಟಾರ್ಗೆಟ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಕಾರ್ಡಿಗಾಗಿ ಹೊಡೆದಾಟವಾಗಿ, ಒಬ್ಬ ಪಿಸ್ತೂಲನ್ನೇ ತೆಗೆದ. ಅಂಗಡಿಯವರು ಕಾರ್ಡು ಇಡುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ಇದನ್ನೆಲ್ಲ ಕಣ್ಣಾರೆ ಕಂಡ ಧಾಟಿಯಲ್ಲಿ ಹೇಳುತ್ತಾನೆ. ಕೇಳಿದರೆ, ಪಾರ್ಕಿಂಗ್‌ನಲ್ಲಿ ಇವನು ಇರಲಿಲ್ಲ. ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ.

ಅಲ್ಲಿಂದ ವಾಪಸ್ ಬಂದಾಗ ಭಾಷೆಯೇ ಬದಲಾಗಿತ್ತು. ಪ್ಯಾಕೆಟ್ ಒಡೆಯೋದಕ್ಕೆ 'ರಿಪ್' ಅನ್ನಬೇಕು. ಒಳ್ಳೆಯದು ಬಂದರೆ 'ಹಿಟ್'. ಮಾರ್ಕ್ಸ್ ಹಾಕಿಸಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿದರೆ 'ಸ್ಲ್ಯಾಬ್'. "ನಾಲ್ಕು ಸ್ಲ್ಯಾಬ್ ಮಾಡಿಸಿದೀನಿ ಅಮ್ಮಾ" ಅಂತ ಇವನು ನನ್ನ ಅಮ್ಮನ ಹತ್ತಿರ ಹೇಳಿದಾಗ ಅಮ್ಮನಿಗೆ ಭಾರೀ ಸಂತೋಷವಾಯಿತು. ನಮ್ಮದು ಗದಗ. ಒಳಗೆ ಬಂದು ನನ್ನ ಕಿವಿಯಲ್ಲಿ, "ನಾಲ್ಕ ಸ್ಲ್ಯಾಬ್ ಹಾಕಿಸ್ಯಾನಂತ. ನೀ ಇನ್ನೂ ಬಾಡಿಗಿ ಮನ್ಯಾಗ ಅದೀ ನೋಡು" ಅಂದಳು.

ಅವನ ಇನ್ನೊಂದು ಚಾಳಿ ಎಂದರೆ 'ಹೋಲ್ಡ್ ಮಾಡಿ ಭಾವ'. ಮೊದಲು ಕಾರ್ಡಿಗೆ ಮಾತ್ರ ಹೇಳುತ್ತಿದ್ದ. ಈಗ ಎಲ್ಲಕ್ಕೂ. ಹಳೇ ಸ್ಕೂಟರ್ ಮಾರಬೇಕು ಅಂದೆ, ಹೋಲ್ಡ್ ಮಾಡಿ ಭಾವ, ವಿಂಟೇಜ್ ಆಗುತ್ತೆ. ಅತ್ತೆಯ ಹಿತ್ತಾಳೆ ಕೊಳಗ ತೂಕಕ್ಕೆ ಹಾಕೋಣ ಅಂದಾಗಲೂ ಅದೇ ಮಾತು. ಕಳೆದ ಬೇಸಿಗೆಯಲ್ಲಿ ನಾನು ಮಲಗೋಬ ಹಣ್ಣು ಕೊಯ್ಯಲು ಚಾಕು ಹಿಡಿದಿದ್ದೆ, ಇವನು ಹಣ್ಣನ್ನು ಮೂಸಿ ನೋಡಿ "ಇನ್ನೆರಡು ದಿನ ಹೋಲ್ಡ್ ಮಾಡಿ ಭಾವ" ಅಂದ. ಮಾಡಿದೆ. ಕೊಳೆತುಹೋಯಿತು. ಆ ಹಣ್ಣಿನ ಸಿಟ್ಟು ಇನ್ನೂ ಇದೆ ನನಗೆ, ಸುಳ್ಳು ಯಾಕೆ ಹೇಳಲಿ.

ನನಗೆ ಕಾರ್ಡು ಗೊತ್ತಿಲ್ಲ ಅಂತಲ್ಲ. ನಾಲ್ಕನೇ ಕ್ಲಾಸಿನಲ್ಲಿ ಬಿಗ್ ಫನ್ ಬಬಲ್‌ಗಮ್ ತಿಂದು ದವಡೆ ನೋಯಿಸಿಕೊಂಡವನು ನಾನು. ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು, ಅದರಲ್ಲಿ ರನ್ನು, ವಿಕೆಟ್ಟು ಅಂತ ಅಚ್ಚಾಗಿರುತ್ತಿತ್ತು. ಸಿಹಿ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು, ಆಮೇಲೆ ರಬ್ಬರು. ಆದರೂ ಅಗಿಯುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಟ್ರಂಪ್ ಕಾರ್ಡು. ಕುಸ್ತಿಯವರದೊಂದು ಕಟ್ಟು, ಕ್ರಿಕೆಟ್‌ನವರದೊಂದು ಕಟ್ಟು. ಓಣಿಯ ಕಟ್ಟೆ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಕೂತು 'ಎತ್ತರ', 'ತೂಕ', 'ಕ್ಯಾಚು' ಅಂತ ಕೂಗುತ್ತಿದ್ದೆವು. ಬೆವರಿನ ಕೈಯಲ್ಲಿ ತಿರುಗಿ ತಿರುಗಿ ಕಾರ್ಡಿನ ಮೂಲೆಗಳೆಲ್ಲ ಹತ್ತಿಯ ಹಾಗೆ ಆಗಿರುತ್ತಿದ್ದವು. ಯಾವ ಕಾರ್ಡಿನ ಬೆನ್ನ ಮೇಲೆ ಯಾವ ಗೀರಿದೆ ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಎದುರಿನವನ ಕೈಯಲ್ಲಿ ಯಾರಿದ್ದಾರೆ ಅನ್ನುವುದೂ ಗೊತ್ತು. ಆದರೂ ಆಡುತ್ತಿದ್ದೆವು.

ಅವೆಲ್ಲ ಈಗ ಎಲ್ಲಿ ಅಂದರೆ, 2003ರಲ್ಲಿ ಮನೆ ಬದಲಾಯಿಸುವಾಗ ಅಮ್ಮ ಬಚ್ಚಲ ಒಲೆಗೆ ಹಾಕಿದಳು. ಮೊನ್ನೆ ಕೇಳಿದೆ. "ಚಲೋ ಉರದ್ವು ನೋಡಪಾ. ಎರಡ ದಿನ ನೀರ ಕಾದ್ವು" ಅಂದಳು.

ಇದನ್ನು ಹೇಳಿದಾಗ ಭಾವಮೈದ ಎದೆ ಹಿಡಿದುಕೊಂಡ. ಆದರೆ ನೋಡಿ, ಅವನೇ ದಿನಾ ಹೇಳುವ ಕತೆಯೊಂದಿದೆ. ಮಿಕಿ ಮ್ಯಾಂಟಲ್ ಅನ್ನುವ ಬೇಸ್‌ಬಾಲ್ ಆಟಗಾರನ ಕಾರ್ಡು, 1952ರದು, ಟಾಪ್ಸ್ ಅನ್ನುವ ಬಬಲ್‌ಗಮ್ ಕಂಪನಿಯದು. 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿ. ಯಾಕೆ ಅಷ್ಟು? ಉಳಿದದ್ದು ಕಮ್ಮಿ, ಅದಕ್ಕೆ. ಮಾರಾಟವಾಗದೆ ಬಿದ್ದಿದ್ದ ಪೆಟ್ಟಿಗೆಗಳನ್ನು ಕಂಪನಿಯವರೇ 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಮಾರಾಟವಾದದ್ದನ್ನು ಹುಡುಗರು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರ್ ಅನ್ನಿಸಿದರು. ಮಿಕ್ಕಿದ್ದನ್ನು ಅವರ ಅಮ್ಮಂದಿರು ಕಸಕ್ಕೆ ಎಸೆದರು. ಅಂದರೆ ಆ ನೂರು ಕೋಟಿಯಲ್ಲಿ ಅಮ್ಮಂದಿರ ಪಾಲು ದೊಡ್ಡದಿದೆ. ನನ್ನ ಅಮ್ಮ ಬಚ್ಚಲ ಒಲೆ ಹೊತ್ತಿಸಿ ಗದಗಿನ ಯಾವನೋ ಒಬ್ಬನ ಕಾರ್ಡಿನ ಕಟ್ಟಿಗೆ ರೇಟು ಬರಿಸಿದ್ದಾಳೆ, ಅವನಿಗೆ ಗೊತ್ತೇ ಇಲ್ಲ.

ಒಲೆಯಿಂದ ಒಂದೇ ಒಂದು ಉಳಿದುಕೊಂಡಿತ್ತು. ಎಸ್‌ಎಸ್‌ಎಲ್‌ಸಿ ಗಣಿತದ ಗೈಡಿನೊಳಗೆ. ಆ ಪುಸ್ತಕ ಯಾರೂ ತೆರೆಯುತ್ತಿರಲಿಲ್ಲ, ನಾನಂತೂ ಸೈ. ಹಾಗಾಗಿ ಭದ್ರವಾಗಿತ್ತು.

ಅದು ಅಂಗಡಿಯ ಕಾರ್ಡಲ್ಲ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ನಮ್ಮ ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದವರಿಗೆ ಹಾಕಿದ ಬೌಲಿಂಗ್ ನಿಮಗೆ ನೆನಪಿರಬಹುದು. ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಅವರು 117ಕ್ಕೆ ಆಲೌಟ್. ಮರುದಿನ ನಮ್ಮೂರಲ್ಲಿ ಎಡಗೈ ರೂಢಿ ಇಲ್ಲದವರೆಲ್ಲ ಎಡಗೈ ಸ್ಪಿನ್ ಹಾಕಿದರು. ಜೋಶಿಯ ಕಾರ್ಡು ನಮ್ಮೂರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹಾಗಾಗಿ ನಾನೇ ಮಾಡಿದೆ. ಪೇಪರಿನಿಂದ ಫೋಟೋ ಕತ್ತರಿಸಿ, ಯಾರದೋ ಮದುವೆ ಕಾರ್ಡಿನ ರಟ್ಟಿಗೆ ಅನ್ನದ ಅಗಳು ಹಚ್ಚಿ ಅಂಟಿಸಿ, ಹಿಂದೆ ಕೆಂಪು ಪೆನ್ನಿನಲ್ಲಿ 10-6-6-5 ಅಂತ ಬರೆದಿದ್ದೆ.

ಕಳೆದ ಭಾನುವಾರ ಊಟವಾದ ಮೇಲೆ ಭಾವಮೈದ ಮತ್ತೆ ಶೋಕೇಸಿನ ಮುಂದೆ ನಿಂತು "ಸೇಫ್ ಇದೆ ಅಲ್ವಾ" ಅಂದಾಗ ನನಗೆ ರೇಗಿತು. ಗೈಡಿನಿಂದ ಜೋಶಿಯನ್ನು ತೆಗೆದು ಟೇಬಲ್ ಮೇಲಿಟ್ಟೆ. "ಇದಕ್ಕೆ ಎಷ್ಟು ಕೊಡ್ತೀಯಪ್ಪಾ ಮಾರ್ಕ್ಸು?"

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದ. ಬ್ಯಾಗಿನಿಂದ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ ತೆಗೆದ. ಮೊಬೈಲಿನ ಟಾರ್ಚ್ ಹಚ್ಚಿ ಮಗನ ಕೈಗೆ ಕೊಟ್ಟು "ಅಲುಗಾಡಿಸಬೇಡ" ಅಂದ. ಫ್ಯಾನ್ ಆಫ್ ಮಾಡಿಸಿದ. ನಾವೆಲ್ಲ ಬೆವರುತ್ತಾ ಸುತ್ತ ನಿಂತೆವು, ಆಪರೇಷನ್ ಥಿಯೇಟರಿನಲ್ಲಿ ನಿಂತ ಹಾಗೆ.

"ಸೆಂಟರಿಂಗ್ ಹೋಗಿದೆ ಭಾವ. ಎಡಗಡೆ ಬಾರ್ಡರ್ ಜಾಸ್ತಿ, ಬಲಗಡೆ ಇಲ್ವೇ ಇಲ್ಲ."

"ಅಪ್ಪನ ಶೇವಿಂಗ್ ಬ್ಲೇಡಲ್ಲಿ ಕತ್ತರಿಸಿದ್ದು."

"ಕಾರ್ನರ್ಸ್... ಒಂದು ಕಾರ್ನರ್ ಪೂರ್ತಿ ಇಲ್ಲ."

"ಜಿರಳೆ."

"ಕಲರ್ ಯಾಕೆ ಹೀಗೆ ಹಳದಿ?"

"ಅಮ್ಮ ಅಡುಗೆ ಕೈಲಿ ಎತ್ತಿಟ್ಟಿರಬೇಕು. ಅರಿಶಿನ."

ಆಮೇಲೆ ಬಗ್ಗಿದ, ಇನ್ನೂ ಬಗ್ಗಿದ. ಉಸಿರು ಬಿಗಿಹಿಡಿದ. "ಭಾವ, ಸರ್ಫೇಸ್‌ನಲ್ಲಿ ಪ್ರಾಬ್ಲಂ ಇದೆ. ಇಲ್ಲಿ, ಕೆನ್ನೆ ಹತ್ತಿರ, ಏನೋ ಉಬ್ಬಿದೆ."

"ಅದು ಅಗಳು."

"ಅಂದ್ರೆ?"

"ಅನ್ನ ಕಣಯ್ಯಾ. ಇಪ್ಪತ್ತೈದು ವರ್ಷ ದಾಟಿದೆ. ಹೋಲ್ಡ್ ಮಾಡಿದೀನಿ."

ಹೆಂಡತಿ ನಗು ತಡೆಯಲಾರದೆ ಅಡುಗೆ ಮನೆಗೆ ಓಡಿದಳು. ಅವನು ಮಾತ್ರ ನಗಲಿಲ್ಲ. ಕಾರ್ಡನ್ನು ತಿರುಗಿಸಿದ. ಕೆಂಪು ಪೆನ್ನಿನ 10-6-6-5 ಕೆಳಗೆ 'ನಿಮ್ಮ ಆಗಮನವೇ ಉಡುಗೊರೆ' ಅಂತ ಮದುವೆ ಕಾರ್ಡಿನ ಅಕ್ಷರ ಇನ್ನೂ ಕಾಣುತ್ತಿತ್ತು. ಭೂತಗನ್ನಡಿ ತೆಗೆದು ಪಕ್ಕಕ್ಕಿಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಟೂರ್ನಮೆಂಟ್‌ದು ನಂದೂ ಒಂದು ಪುಸ್ತಕ ಇತ್ತು" ಅಂದ.

ವಿಜಯ್ ಭಾರದ್ವಾಜ್. ಅದೇ ನೈರೋಬಿ, ಅದೇ ಸರಣಿ, ಸರಣಿಯ ಶ್ರೇಷ್ಠ ಆಟಗಾರ. ಬೆಂಗಳೂರಿನ ಹುಡುಗ, ಕನ್ನಡಕ ಹಾಕಿಕೊಂಡು ಆಡುತ್ತಿದ್ದ. ಆಗ ನಮ್ಮ ಭಾವಮೈದನಿಗೆ ಎಂಟು ವರ್ಷ, ಅದೇ ವರ್ಷ ದಪ್ಪ ಕನ್ನಡಕ ಬಂದಿತ್ತು, ಕ್ಲಾಸಿನಲ್ಲಿ ಎಲ್ಲರೂ ಸೋಡಾಬುಡ್ಡಿ ಅನ್ನುತ್ತಿದ್ದರಂತೆ. ಕನ್ನಡಕ ಹಾಕಿದವನು ಇಂಡಿಯಾಗೆ ಆಡಿದನಲ್ಲ! ಪೇಪರಿನಲ್ಲಿ ಬಂದ ಪ್ರತಿ ಚೂರನ್ನೂ ಕತ್ತರಿಸಿ ಇನ್ನೂರು ಪುಟದ ನೋಟ್‌ಬುಕ್ಕಿಗೆ ಅಂಟಿಸುತ್ತಾ ಹೋದ. ಹನ್ನೆರಡು ಪುಟ ತುಂಬಿತು. ಭಾರದ್ವಾಜ್ ಒಟ್ಟು ಆಡಿದ್ದು ಹತ್ತು ಒನ್‌ಡೇ, ಮೂರು ಟೆಸ್ಟ್. ಉಳಿದ ಪುಟದಲ್ಲಿ ಇವನ ಅಕ್ಕ, ಅಂದರೆ ನನ್ನ ಹೆಂಡತಿ, ಕೆಮಿಸ್ಟ್ರಿ ನೋಟ್ಸ್ ಬರೆದಳು.

ಇಷ್ಟು ವರ್ಷದಲ್ಲಿ ಅವನು ಬೆಲೆ ಹೇಳದೆ ಮಾತಾಡಿದ ಮೊದಲ ಕಾರ್ಡಿನ ಕತೆ ಅದು. ಅದೂ ಕಾರ್ಡೇ ಅಲ್ಲ.

ಇದೇ ಸಮಯ ಅಂತ ನಾನು ಪ್ಯಾಕೆಟ್ಟಿನ ವಿಷಯ ಎತ್ತಿದೆ. ಅವನೇ ಕಲಿಸಿದ ಪಾಠವನ್ನು ಅವನಿಗೇ ಒಪ್ಪಿಸಿದೆ. ಎಂಬತ್ತರ ದಶಕದ ಕೊನೆ, ತೊಂಬತ್ತರ ಶುರುವಿನಲ್ಲಿ ಅಮೆರಿಕದವರೆಲ್ಲ ಹೀಗೇ, ಮುಂದೆ ಮಕ್ಕಳ ಓದಿಗಾಗುತ್ತೆ ಅಂತ ಸೀಲ್ ಪೆಟ್ಟಿಗೆ ಕೂಡಿಟ್ಟರು. ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರ ಅಟ್ಟದಲ್ಲೂ ಅದೇ ಕಾರ್ಡು, ಯಾರಿಗೂ ಬೇಡ. ಅಂಥ ಬಹುಪಾಲು ಕಾರ್ಡನ್ನು ಇವತ್ತಿಗೂ ಮೂಸಿ ನೋಡುವವರಿಲ್ಲ. ಅದೇ 2024ರ ಕ್ರಿಸ್‌ಮಸ್‌ಗೆ ಲಾಸ್ ಏಂಜಲಿಸ್ ಕಡೆಯ ಹನ್ನೊಂದು ವರ್ಷದ ಹುಡುಗನಿಗೆ ಪಾಲ್ ಸ್ಕೀನ್ಸ್ ಅನ್ನುವ ಪಿಚರ್‌ನ, ಅಂದರೆ ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನ, ಕಾರ್ಡು ಸಿಕ್ಕಿತು, ಪ್ರಪಂಚದಲ್ಲಿ ಒಂದೇ ಒಂದು ಇರುವಂಥದ್ದು. ಸ್ಕೀನ್ಸ್‌ನ ಪಿಟ್ಸ್‌ಬರ್ಗ್ ತಂಡದವರು ಆ ಕಾರ್ಡು ಕೊಟ್ಟರೆ 30 ವರ್ಷ ಸೀಸನ್ ಟಿಕೆಟ್ ಕೊಡ್ತೀವಿ ಅಂದರು. ಗದಗಿನವನಿಗೆ ಗುವಾಹಟಿಯಲ್ಲಿ 30 ವರ್ಷ ಸೀಟು ಕೊಟ್ಟ ಹಾಗೆ. ಮನೆಯವರು ಬೇಡವೆಂದು ಹರಾಜಿಗೆ ಹಾಕಿದರು, 11 ಲಕ್ಷ ಡಾಲರ್ ಬಂತು.

"ಅವನಿಗೆ ಹೇಗಪ್ಪಾ ಸಿಕ್ಕಿತು? ಪ್ಯಾಕೆಟ್ ಒಡೆದ. ಅವನಿಗೆ ನಿನ್ನಂಥ ಮಾವ ಇರಲಿಲ್ಲ."

ಭಾವಮೈದ ಒಂದು ಕ್ಷಣ ಯೋಚಿಸಿದ. ಆಮೇಲೆ, "ಅದು ಬೇರೆ ಪ್ರಾಡಕ್ಟ್ ಭಾವ. ಇದು ಹೋಲ್ಡ್ ಮಾಡಿ" ಅಂದು ಎದ್ದು ಹೋದ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಆ ಜೋಶಿ ಕಾರ್ಡು ಕೊಡ್ತೀರಾ?" ಅಂತ ಕೇಳಿದ. ಎಷ್ಟಕ್ಕೆ ಅಂದೆ. ಸುಮ್ಮನೆ ನಕ್ಕು ಚಪ್ಪಲಿ ಹಾಕಿಕೊಂಡ.

ಅವತ್ತು ರಾತ್ರಿ ಹತ್ತೂವರೆಗೆ ನೀರು ಕುಡಿಯಲು ಎದ್ದರೆ ಹಾಲ್‌ನಲ್ಲಿ ಬೆಳಕು. ಮಗ ಪ್ಯಾಕೆಟ್ಟಿನ ಹಿಂದೆ ಟಾರ್ಚ್ ಹಿಡಿದು ಒಂದು ಕಣ್ಣು ಮುಚ್ಚಿ ಇಣುಕುತ್ತಿದ್ದ. ನನ್ನನ್ನು ನೋಡಿ ಬೆಚ್ಚಿದ. "ಒಡೀತಾ ಇಲ್ಲ ಪಪ್ಪಾ, ಮೀಸೆ ಇರೋರು ಯಾರಾದ್ರೂ ಇದಾರಾ ಅಂತ ನೋಡ್ತಿದೀನಿ ಅಷ್ಟೇ."

ಆ 'ಅಷ್ಟೇ' ಕೇಳಿದ ಮೇಲೆ ನನ್ನಿಂದ ಆಗಲಿಲ್ಲ. ಅಡುಗೆ ಮನೆಯಿಂದ ಕತ್ತರಿ ತಂದೆ. ಹಾಲಿನ ಪ್ಯಾಕೆಟ್ಟಿಗೆ ಹಾಕುವ ಹಾಗೆ ಮೂಲೆಗೆ ಸಣ್ಣಗೆ ಹಾಕಿದೆ.

ಒಳಗಿದ್ದವರಲ್ಲಿ ಒಬ್ಬನೂ ನಮಗೆ ಗೊತ್ತಿಲ್ಲ. ಟೋಪಿ ಹಾಕಿದ ಗಂಭೀರ ಮುಖಗಳು, ಒಬ್ಬ ಉಗುಳುತ್ತಿದ್ದ. ಮಿಂಚುವುದು ಒಂದೂ ಇರಲಿಲ್ಲ, ಸಹಿಯೂ ಇಲ್ಲ. ಮೀಸೆಯವನು ಒಬ್ಬ ಇದ್ದ, ಗಿರಿಜಾ ಮೀಸೆ. ಮಗ ಅದನ್ನು ಎದೆಗೆ ಒತ್ತಿಕೊಂಡು ಸದ್ದಿಲ್ಲದೆ ಕುಣಿದ. ಅಷ್ಟಕ್ಕೇ ಅಮ್ಮ ಎದ್ದು ಬಂದಳು. ಕಾರ್ಡಿನ ಹಿಂದೆ ಏನೇನೋ ಲೆಕ್ಕವಿತ್ತು, ನಮಗೆ ಅರ್ಥವಾಗಿದ್ದು ಎತ್ತರ ಮತ್ತು ತೂಕ ಮಾತ್ರ. ಸಾಕಲ್ಲ. ಕಾರ್ಡು ಹಂಚಿ ನೆಲದ ಮೇಲೆ ಕೂತೆವು.

"ಅಜ್ಜಿ, ತೂಕ ಹೇಳು."

"ಎರಡನೂರಾ ನಲವತ್ತು. ಅಯ್ಯ, ಕಿಲೋನ ಇದು? ಏನ ತಿಂತಾನೋ ಇಂವ!"

ಪೌಂಡು ಅಂತ ನಾನು ತಿದ್ದಲಿಲ್ಲ. ಅಮ್ಮ ಮೂರು ಆಟ ಗೆದ್ದಳು. ಹನ್ನೆರಡು ಗಂಟೆಗೆ ಹೆಂಡತಿ ಬಂದು ಬೈದಾಗಲೇ ಎದ್ದಿದ್ದು, ಅಷ್ಟರಲ್ಲಿ ಮೀಸೆಯವನ ಒಂದು ಮೂಲೆ ಮಡಚಿಹೋಗಿತ್ತು.

ಉಳಿದದ್ದು ಖಾಲಿ ಪ್ಯಾಕೆಟ್. ಭಾವಮೈದ ಈ ಶನಿವಾರ ಊಟಕ್ಕೆ ಬರುತ್ತಾನೆ, ಬಂದವನೇ ಶೋಕೇಸು ನೋಡುತ್ತಾನೆ. ಅಮ್ಮನೇ ಉಪಾಯ ಹೇಳಿದಳು. ಹೋದ ವರ್ಷ ಅವನು ಫ್ಲ್ಯಾಟ್ ಗೃಹಪ್ರವೇಶಕ್ಕೆ ಅಚ್ಚು ಹಾಕಿಸಿದ ದಪ್ಪ ರಟ್ಟಿನ ಆಹ್ವಾನ ಪತ್ರಿಕೆ ಇತ್ತು. ಅದನ್ನು ಅಳತೆಗೆ ಕತ್ತರಿಸಿ ಒಳಗೆ ತುರುಕಿದೆವು, ಸರಿಯಾಗಿ ಕೂತಿತು. ಬಾಯಿಗೆ ಅನ್ನದ ಅಗಳು ಹಚ್ಚಿ ನೋಡಿದೆ, ಈ ಪ್ಲಾಸ್ಟಿಕ್‌ಗೆ ಹಿಡಿಯಲಿಲ್ಲ. ಫೆವಿಕ್ವಿಕ್ ಹಾಕಿದೆ. ಸ್ವಲ್ಪ ನನ್ನ ಹೆಬ್ಬೆರಳಿಗೂ ಅಂಟಿದೆ, ಇದನ್ನು ಟೈಪ್ ಮಾಡುತ್ತಿರುವುದು ಉಳಿದ ಬೆರಳುಗಳಲ್ಲಿ.

ಪ್ಯಾಕೆಟ್ ಈಗ ಮತ್ತೆ ಗೊಂಬೆ ಮತ್ತು ಕಪ್ಪಿನ ನಡುವೆ ಕೂತಿದೆ. ಜೋಶಿ ಕಾರ್ಡನ್ನೂ ಒಂದು ಕವರಿನಲ್ಲಿ ಹಾಕಿ ಅವನಿಗೆ ಕೊಡೋಣ ಅಂತ ಎತ್ತಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕವರ್ ಖಾಲಿ. ಜೋಶಿ ಮಗನ ಕಂಪಾಸ್ ಬಾಕ್ಸಿನಲ್ಲಿ ಮೀಸೆಯವನ ಪಕ್ಕ ಮಲಗಿದ್ದಾನೆ. ಹಿಂದೆ 10-6-6-5ರ ಕೆಳಗೆ ಹೊಸದಾಗಿ ಪೆನ್ಸಿಲಿನಲ್ಲಿ ಬರೆದಿದೆ: ತೂಕ 500.