ಚೌಕಾಬಾರ ಫಾರ್ವರ್ಡ್ ಬಗ್ಗೆ ಸ್ಪಷ್ಟನೆ

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಪ್ಲಸ್ ಆಕಾರದ ಬಟ್ಟೆ ಹಾಸಿನ ಫೋಟೋ ಹಾಕಿ "ಇದು ಚೌಕಾಬಾರ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಂಡುಹಿಡಿದಿದ್ದು, ಇದನ್ನೇ ಕದ್ದು ಲೂಡೋ ಮಾಡಿದ್ರು" ಅಂತ. ಮೂರೂ ಸರಿ ಇಲ್ಲ.

ಫೋಟೋದಲ್ಲಿರೋದು ಪಗಡೆ ಹಾಸು. ಚೌಕಾಬಾರಕ್ಕೆ ಐದೈದರ ಚೌಕ, 25 ಮನೆ, ನಾಲ್ಕು ಕವಡೆ ಸಾಕು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಂಡ್ರೂ ಆಯ್ತು. ಸಾಮಾನ್ಯವಾಗಿ ಆಡೋ ರೀತೀಲಿ ಎದುರಾಳಿ ಕಾಯಿ ಒಂದಾದ್ರೂ ಹೊಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ, ಆಮೇಲೆ ನಡುಮನೆ ಸೇರಿದ್ರೆ ಹಣ್ಣು, ಅಂದ್ರೆ ಆ ಕಾಯಿಯ ಆಟ ಮುಗೀತು. ಇದೇ ಅದರ ಮಜಾ, ಲೂಡೋದಲ್ಲಿ ಇದಿಲ್ಲ.

ಲೂಡೋ ಬಂದಿದ್ದು ಪಗಡೆಯ ನೆಂಟ ಪಚೀಸಿಯಿಂದ, ಇಂಗ್ಲೆಂಡ್‌ನಲ್ಲಿ 1896ರಲ್ಲಿ ಪೇಟೆಂಟ್ ಆಯ್ತು, ಕವಡೆ ಬದಲು ಡೈಸ್ ಇಟ್ರು. ಪಚೀಸಿ 16ನೇ ಶತಮಾನದಲ್ಲೇ ಅಕ್ಬರ್ ಆಸ್ಥಾನದಲ್ಲಿತ್ತು, ಮುಮ್ಮಡಿಯವರು ಹುಟ್ಟಿದ್ದೇ 1794ರಲ್ಲಿ. ಅವರಿಗೆ ಆಟಗಳ ಹುಚ್ಚು ಇದ್ದಿದ್ದು, ಹೊಸ ಆಟ ರೂಪಿಸಿದ್ದು, ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಆಟಗಳಿಗೇ ಒಂದು ಭಾಗ ಇಟ್ಟಿದ್ದು ನಿಜ, ಅದೇ ಸಾಕಷ್ಟು ದೊಡ್ಡ ವಿಷಯ ಅಲ್ವಾ, ಇಲ್ಲದ್ದು ಸೇರಿಸೋದು ಯಾಕೆ.

ಈಗ ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿ, ಮರದ ಕಾಯಿ ಕೊಟ್ಟು ಚೌಕಾಬಾರ ಮಾರೋರಿದ್ದಾರೆ, ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಇಂಥ ಹಳೇ ಆಟಗಳಿಗೆ ಪ್ರದರ್ಶನ ಮಾಡ್ತಾ ಬಂದಿದೆ. ತಗೊಳ್ಳೋರು ಫೋಟೋ ನೋಡಿ ಮೋಸ ಹೋಗ್ಬೇಡಿ, ಚೌಕ ಹಾಸು ಅಂತ ಕೇಳಿ ತಗೊಳ್ಳಿ. ಆ ಮೆಸೇಜ್ ಬಂದ್ರೆ ದಯವಿಟ್ಟು ಮುಂದೆ ಕಳಿಸ್ಬೇಡಿ, ಈಗಾಗ್ಲೇ ಕಳಿಸಿದ್ರೆ ಇದನ್ನ ಅದೇ ಗ್ರೂಪಿಗೆ ಹಾಕಿ.